ಡಾಕ್ಟರ್ ಹೂ: ಕ್ಯಾಸೆಟ್, ಡಿವಿಡಿ, ಬ್ಲೂರೇ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ನಮ್ಮ ಹಾಲ್‌ನಲ್ಲಿ ಒಂದು ಕಪಾಟಿದೆ. ಪುಸ್ತಕಕ್ಕೆ ಅಂತ ಮಾಡಿಸಿದ್ದು. ಈಗ ಮುಕ್ಕಾಲು ಪಾಲು ಡಿಸ್ಕ್‌ಗಳೇ ತುಂಬಿವೆ. ಮನೆಗೆ ಬಂದವರು ಅದರ ಮುಂದೆ ನಿಂತು ಏನಾದರೊಂದು ಕೇಳುತ್ತಾರೆ. ಕೆಲವರು ಆಮೇಲೆ ಪತ್ರ ಬರೆದೂ ಕೇಳಿದ್ದಾರೆ. ಮತ್ತೆ ಮತ್ತೆ ಬಂದ ಪ್ರಶ್ನೆಗಳನ್ನು ಅವರ ಮಾತಿನಲ್ಲೇ ಬರೆದು, ಸುಲಭದ್ದು ಮೊದಲು, ತಲೆ ತಿನ್ನುವಂಥದ್ದು ಕೊನೆಗೆ ಇಟ್ಟಿದ್ದೇನೆ.

## ಹೊಸಬರಿಗೆ

ಡಾಕ್ಟರ್ ಹೂ ಅಂದ್ರೆ ಯಾರು? ಹೂವಿನ ಡಾಕ್ಟರಾ?

ನಮ್ಮ ಚಿಕ್ಕಮ್ಮ ಕೇಳಿದ್ದು. ತಮಾಷೆಗಲ್ಲ, ನಿಜವಾಗಿಯೇ ಕೇಳಿದರು. ಇಲ್ಲಿ ‘ಹೂ’ ಅಂದರೆ ಇಂಗ್ಲಿಷಿನಲ್ಲಿ ‘ಯಾರು’. ಬ್ರಿಟನ್ನಿನ ಬಿಬಿಸಿ 1963ರ ನವೆಂಬರ್ 23ರಂದು ಶುರು ಮಾಡಿದ ಸೈನ್ಸ್ ಫಿಕ್ಷನ್ ಸೀರಿಯಲ್ ಇದು. ಬೇರೆ ಗ್ರಹದವನೊಬ್ಬ, ತನ್ನನ್ನು ಬರೀ ‘ಡಾಕ್ಟರ್’ ಎಂದು ಕರೆದುಕೊಳ್ಳುವವನು, ಟಾರ್ಡಿಸ್ ಎಂಬ ಯಂತ್ರದಲ್ಲಿ ಕಾಲ, ಲೋಕ ಎರಡನ್ನೂ ಸುತ್ತುತ್ತಾನೆ. ಹೊರಗಿನಿಂದ ನೋಡಿದರೆ ಅದು ನೀಲಿ ಬಣ್ಣದ ಪೊಲೀಸ್ ಡಬ್ಬಿ. ಸಾಯುವ ಹೊತ್ತಿಗೆ ಅವನು ಮೈ ಬದಲಿಸುತ್ತಾನೆ. ಹಾಗಾಗಿ ನಟರು ಬದಲಾದರೂ ಸೀರಿಯಲ್ ನಡೆಯುತ್ತಲೇ ಇರುತ್ತದೆ.

1989ಕ್ಕೆ ನಿಂತಿತು. 1996ರಲ್ಲಿ ಒಂದು ಟಿವಿ ಸಿನಿಮಾ ಬಂತು. 2005ರಲ್ಲಿ ಮತ್ತೆ ಶುರುವಾಯಿತು. 1989ರವರೆಗಿನ 26 ಸೀಸನ್‌ಗಳಿಗೆ ‘ಕ್ಲಾಸಿಕ್’ ಅನ್ನುತ್ತಾರೆ. ಇಲ್ಲಿನ ಮಾತು ಜಾಸ್ತಿ ಅದರ ಬಗ್ಗೆಯೇ. ಗೊಂದಲವೆಲ್ಲ ಇರುವುದು ಅಲ್ಲೇ.

ಇಷ್ಟೊಂದು ಇದೆಯಲ್ಲ, ಎಲ್ಲಿಂದ ಶುರು ಮಾಡ್ಲಿ?

ಮೊದಲಿನಿಂದ ಸಾಲಾಗಿ ನೋಡುತ್ತೇನೆ ಅಂತ ಹಟ ಮಾಡಬೇಡಿ. ಹಾಗೆ ಹೊರಟ ಮೂವರು ಗೆಳೆಯರು ಅರ್ಧ ದಾರಿಯಲ್ಲೇ ಬಿಟ್ಟರು. ಕ್ಲಾಸಿಕ್‌ನಲ್ಲಿ ಒಂದು ಕಥೆ ಅಂದರೆ ಸಾಮಾನ್ಯವಾಗಿ ಅರ್ಧ ಗಂಟೆಗೂ ಕಡಿಮೆಯ ನಾಲ್ಕರಿಂದ ಆರು ಎಪಿಸೋಡ್. ಪ್ರತಿ ಕಥೆ ತನ್ನಷ್ಟಕ್ಕೆ ತಾನು ಪೂರ್ತಿ. ನಡುವಿನಿಂದ ಎತ್ತಿಕೊಂಡರೂ ಅರ್ಥವಾಗುತ್ತದೆ.

ನನ್ನ ಸಲಹೆ 12ನೇ ಸೀಸನ್. ಟಾಮ್ ಬೇಕರ್ ಡಾಕ್ಟರ್ ಆಗಿ ಬಂದ ಮೊದಲ ಸೀಸನ್ ಅದು, 1974–75ರದ್ದು. ಐದು ಕಥೆ, 20 ಎಪಿಸೋಡ್. ಡಾಕ್ಟರ್‌ನ ಬದ್ಧವೈರಿಗಳಾದ ಡಾಲೆಕ್‌ಗಳು ಹುಟ್ಟಿದ ಕಥೆ ‘ಜೆನೆಸಿಸ್ ಆಫ್ ದಿ ಡಾಲೆಕ್ಸ್’ ಅದರಲ್ಲೇ ಇದೆ. ಅದು ಹಿಡಿಸದಿದ್ದರೆ ಈ ಸೀರಿಯಲ್ ನಿಮಗಲ್ಲ, ದುಡ್ಡು ಉಳಿಯಿತು ಅಂದುಕೊಳ್ಳಿ.

ಎಲ್ಲ ಆನ್‌ಲೈನ್‌ನಲ್ಲೇ ಸಿಗೋವಾಗ ಡಿಸ್ಕ್ ಯಾಕ್ರೀ?

ಎಲ್ಲ ಸಿಗುವುದಿಲ್ಲ, ಅದಕ್ಕೆ. 2023ರ ನವೆಂಬರ್‌ನಲ್ಲಿ ಬಿಬಿಸಿ ತನ್ನ ಐಪ್ಲೇಯರ್‌ನಲ್ಲಿ 800ಕ್ಕೂ ಹೆಚ್ಚು ಎಪಿಸೋಡ್ ಹಾಕಿತು. ಆದರೆ ಮೊಟ್ಟಮೊದಲ ಕಥೆಯೇ ಅದರಲ್ಲಿ ಇರಲಿಲ್ಲ! ಬರೆದವರ ವಾರಸುದಾರರ ಜೊತೆ ಹಕ್ಕಿನ ಒಪ್ಪಂದ ಆಗಲಿಲ್ಲ. ಅದೇ ಕಥೆ 2006ರ ‘ದಿ ಬಿಗಿನಿಂಗ್’ ಡಿವಿಡಿ ಸೆಟ್‌ನಲ್ಲಿ ಆರಾಮವಾಗಿ ಕೂತಿದೆ. ಒಮ್ಮೆ ಕೊಂಡ ಡಿಸ್ಕನ್ನು ಯಾರೂ ರಾತ್ರೋರಾತ್ರಿ ಎತ್ತಿಕೊಂಡು ಹೋಗುವುದಿಲ್ಲ. ಅಲ್ಲದೆ ಐಪ್ಲೇಯರ್ ಬ್ರಿಟನ್‌ನಲ್ಲಿ ಇರುವವರಿಗೆ ಮಾತ್ರ. ಬೆಂಗಳೂರಿನಲ್ಲಿ ಕೂತವರಿಗೆ ಅದರಿಂದ ಏನು ಬಂತು?

ಇನ್ನೊಂದು ಕಾರಣ ಡಿಸ್ಕ್ ಜೊತೆ ಬರುವ ಎಕ್ಸ್‌ಟ್ರಾ. ನಟರು, ನಿರ್ದೇಶಕರು ಕೂತು ಹರಟುವ ಕಾಮೆಂಟರಿ ಇರುತ್ತದೆ. ದೃಶ್ಯ ಓಡುತ್ತಿರುವಾಗಲೇ ಕೆಳಗೆ ಚಿತ್ರೀಕರಣದ ವಿವರ ಬರೆದು ತೋರಿಸುವ ಮಾಹಿತಿ ಸಬ್‌ಟೈಟಲ್ ಇರುತ್ತದೆ. ನನಗೆ ಕಥೆಗಿಂತ ಇದರ ಚಟವೇ ಜಾಸ್ತಿ.

ಲಂಡನ್ನಿಂದ ಅಣ್ಣ ತಂದುಕೊಟ್ಟ ಡಿಸ್ಕ್ ನಮ್ಮ ಪ್ಲೇಯರ್‌ನಲ್ಲಿ ಓಡುತ್ತಾ?

ಸುಮ್ನೆ ಹಾಕಿದರೆ ಓಡದೆ ಇರಬಹುದು. ಡಿವಿಡಿಗೆ ಲೋಕವನ್ನು ರೀಜನ್‌ಗಳಾಗಿ ಹಂಚಿದ್ದಾರೆ. ಬ್ರಿಟನ್ 2, ಆಸ್ಟ್ರೇಲಿಯಾ 4, ಅಮೆರಿಕ 1, ಭಾರತ 5. ಬ್ಲೂರೇಗೆ ಬೇರೆ ಲೆಕ್ಕ: ಅಮೆರಿಕ ಎ, ಬ್ರಿಟನ್ ಬಿ, ಭಾರತ ಸಿ. ಎಲ್ಲ ರೀಜನ್ ಓದುವ ಪ್ಲೇಯರ್ ಇದ್ದರೆ ಚಿಂತೆ ಇಲ್ಲ. ಇಲ್ಲದಿದ್ದರೆ ಡಬ್ಬಿಯ ಹಿಂಬದಿಯ ಗುರುತು ನೋಡದೆ ತರಿಸಬೇಡಿ.

ಒಂದು ಸಮಾಧಾನ ಇದೆ. ಬ್ರಿಟನ್ನಿನ ಟಿವಿಯಂತೆ ನಮ್ಮದೂ ‘ಪಾಲ್’ ಎಂಬ ಟಿವಿ ಚಿತ್ರದ ಪದ್ಧತಿ. ರೀಜನ್ ತೊಂದರೆ ದಾಟಿದರೆ ಚಿತ್ರದ ತೊಂದರೆ ಬರುವುದಿಲ್ಲ. ಅಮೆರಿಕದಲ್ಲಿರುವ ನಮ್ಮವರಿಗೆ ಆ ಸುಖ ಇಲ್ಲ. ಅಲ್ಲಿನ ಎಷ್ಟೋ ಪ್ಲೇಯರ್‌ಗಳು ಪಾಲ್ ಡಿಸ್ಕನ್ನು ಮುಟ್ಟುವುದೇ ಇಲ್ಲ.

ಕಂಪ್ಯೂಟರಿನ ಡಿವಿಡಿ ಡ್ರೈವ್‌ನಲ್ಲಿ ನೋಡುವವರಿಗೆ ಒಂದು ಎಚ್ಚರಿಕೆ. ಅದರ ರೀಜನ್ ಬದಲಿಸಲು ಐದೇ ಸಲ ಅವಕಾಶ. ಐದನೆಯ ಸಲಕ್ಕೆ ಅದು ಅಲ್ಲೇ ಗಟ್ಟಿ. ಹುಡುಗಾಟಕ್ಕೆ ಒತ್ತಿ ಒತ್ತಿ ಒಂದು ಡ್ರೈವ್ ಅಮೆರಿಕದ ಪಾಲಾಯಿತು, ನನ್ನದೇ.

## ಕ್ಯಾಸೆಟ್ಟಿನ ಕಾಲ, ಡಿವಿಡಿಯ ಕಾಲ

ಮೊದಲು ಮಾರಾಟಕ್ಕೆ ಬಂದದ್ದು ಯಾವ ಕಥೆ?

1983ರ ಅಕ್ಟೋಬರ್‌ನಲ್ಲಿ ಬಂದ ‘ರಿವೆಂಜ್ ಆಫ್ ದಿ ಸೈಬರ್‌ಮೆನ್’. ಸೈಬರ್‌ಮೆನ್ ಅಂದರೆ ಈ ಸೀರಿಯಲ್ಲಿನ ಅರೆ ಯಂತ್ರ, ಅರೆ ಮನುಷ್ಯ ಖಳರು. ಅದಕ್ಕೆ ಸ್ವಲ್ಪ ಮೊದಲು ಇಂಗ್ಲೆಂಡಿನ ಲಾಂಗ್‌ಲೀಟ್‌ನಲ್ಲಿ ಅಭಿಮಾನಿಗಳ ದೊಡ್ಡ ಜಾತ್ರೆಯೇ ನಡೆದಿತ್ತು. ಯಾವ ಕಥೆ ಬೇಕು ಅಂತ ಅಲ್ಲಿ ಕೇಳಿದರಂತೆ. ಜನ ‘ದಿ ಟೂಂಬ್ ಆಫ್ ದಿ ಸೈಬರ್‌ಮೆನ್’ ಅಂದರಂತೆ. ಆದರೆ ಬಿಬಿಸಿ ಹತ್ತಿರ ಆಗ ಅದು ಇರಲೇ ಇಲ್ಲ. ಅಳಿಸಿಹೋಗಿತ್ತು. ಹಾಗಾಗಿ ಇನ್ನೊಂದು ಸೈಬರ್‌ಮೆನ್ ಕಥೆ ಹೊರಟಿತು. ನೆಂಟರ ಮನೆಯಲ್ಲಿ ಹೋಳಿಗೆ ಕೇಳಿದರೆ ಚಪಾತಿ ಬಡಿಸಿದ ಹಾಗೆ.

ಬೆಲೆ 39.95 ಪೌಂಡ್. ಆ ಕಾಲಕ್ಕೆ ಕೈ ಸುಡುವ ದುಡ್ಡು. ಅಷ್ಟು ಕೊಟ್ಟರೂ ನಾಲ್ಕು ಎಪಿಸೋಡನ್ನು ಹೊಲಿದು ಒಂದೇ ಸಿನಿಮಾದ ಹಾಗೆ ಮಾಡಿದ್ದರು. ನಡುವಿನ ಟೈಟಲ್ ಇಲ್ಲ, ಎಪಿಸೋಡ್ ಕೊನೆಯಲ್ಲಿ ಎದೆ ಝಲ್ಲೆನಿಸುವ ಕ್ಷಣವೂ ಇಲ್ಲ. ಕ್ಯಾಸೆಟ್ ಡಬ್ಬಿಯ ಮೇಲಿನ ಚಿತ್ರದಲ್ಲಿ 1975ರ ಸೈಬರ್‌ಮ್ಯಾನ್ ಬದಲು 1980ರ ದಶಕದವನನ್ನು ಹಾಕಿದ್ದರು. 1984ರಲ್ಲಿ ಬಂದ ‘ದಿ ಬ್ರೇನ್ ಆಫ್ ಮಾರ್ಬಿಯಸ್’ ಗತಿ ಇನ್ನೂ ಕಷ್ಟ. ನಾಲ್ಕು ಎಪಿಸೋಡನ್ನು ಸುಮಾರು ಒಂದು ಗಂಟೆಗೆ ಕತ್ತರಿಸಿದ್ದರು. ಎಪಿಸೋಡ್‌ಗಳನ್ನು ಇದ್ದ ಹಾಗೇ ಕೊಡುವ ರೂಢಿ ಬಂದದ್ದು ದಶಕದ ಕೊನೆಗೆ.

ಅಟ್ಟದ ಮೇಲೆ ಹಳೇ ವಿಎಚ್‌ಎಸ್ ಕ್ಯಾಸೆಟ್ ಇವೆ. ಬಿಸಾಕ್ಲಾ?

ತಡೆಯಿರಿ. ಮೊದಲು ಕಿಟಕಿಯ ಹತ್ತಿರ ಹಿಡಿದು ಟೇಪನ್ನು ನೋಡಿ. ಬಿಳಿ ಪುಡಿಯಂತೆ ಏನಾದರೂ ಕಂಡರೆ ಅದು ಬೂಷ್ಟು. ನಮ್ಮ ಮಲೆನಾಡು, ಕರಾವಳಿಯ ಮಳೆಗಾಲಕ್ಕೆ ಇದು ಬಾರದ ಟೇಪೇ ಇಲ್ಲ ಅನ್ನಬಹುದು. ಅಂಥದ್ದನ್ನು ಪ್ಲೇಯರ್‌ಗೆ ಹಾಕಲೇಬೇಡಿ. ಹೆಡ್ ಹಾಳಾಗುತ್ತದೆ, ಆಮೇಲೆ ಹಾಕಿದ ಒಳ್ಳೆಯ ಟೇಪಿಗೂ ಹತ್ತುತ್ತದೆ.

ನೋಡುವುದಕ್ಕೆ ಅಂತ ಆದರೆ ಈಗ ಕ್ಯಾಸೆಟ್ ಬೇಕಿಲ್ಲ. ಚಿತ್ರ ಡಿವಿಡಿಯಲ್ಲಿ ಎಷ್ಟೋ ಚೆನ್ನಾಗಿದೆ. ನಾನು ಒಂದನ್ನು ಮಾತ್ರ ಪ್ರೀತಿಯಿಂದ ಇಟ್ಟುಕೊಂಡಿದ್ದೇನೆ, 1992ರ ‘ಶಾಡಾ’. ಡಗ್ಲಸ್ ಆಡಮ್ಸ್ ಬರೆದ ಈ ಕಥೆಯ ಚಿತ್ರೀಕರಣ 1979ರಲ್ಲಿ ಮುಷ್ಕರದಿಂದ ಅರ್ಧಕ್ಕೆ ನಿಂತಿತ್ತು. ಟಾಮ್ ಬೇಕರ್ ಕ್ಯಾಮೆರಾ ಮುಂದೆ ನಿಂತು ಬಿಟ್ಟುಹೋದ ಭಾಗವನ್ನು ತಾವೇ ಹೇಳುತ್ತಾರೆ. ತಾತ ಕಥೆ ಹೇಳಿದ ಹಾಗಿದೆ. 2017ರಲ್ಲಿ ಆ ಜಾಗಕ್ಕೆ ಅನಿಮೇಶನ್ ಬಂತು. ಅದು ಚೆನ್ನಾಗಿದೆ, ಆದರೂ ತಾತ ತಾತನೇ.

ಡಿವಿಡಿಗಳು ಸೀಸನ್ ಪ್ರಕಾರ ಇಲ್ಲವಲ್ಲ, ಯಾಕೆ ಹೀಗೆ ಚೆಲ್ಲಾಪಿಲ್ಲಿ?

ಒಂದೊಂದು ಕಥೆಯನ್ನೂ ಬೇರೆ ಬೇರೆಯಾಗಿ ರಿಪೇರಿ ಮಾಡಬೇಕಿತ್ತು. ಕೆಲವು ಟೇಪಿನಲ್ಲಿದ್ದವು, ಕೆಲವು ಫಿಲ್ಮಿನಲ್ಲಿದ್ದವು, ಕೆಲವಕ್ಕೆ ಬಣ್ಣ ಹೋಗಿತ್ತು. ತಯಾರಾದದ್ದು ಹೊರಗೆ ಬಂತು. ಒಬ್ಬನೇ ಡಾಕ್ಟರ್ ಸಾಲಾಗಿ ಬಂದು ಉಳಿದವರ ಅಭಿಮಾನಿಗಳು ಮುನಿಸಿಕೊಳ್ಳಬಾರದು ಅನ್ನುವ ವ್ಯಾಪಾರದ ಲೆಕ್ಕವೂ ಇದ್ದಿರಬೇಕು.

1999ರ ನವೆಂಬರ್‌ನಲ್ಲಿ ‘ದಿ ಫೈವ್ ಡಾಕ್ಟರ್ಸ್’ ಮೊದಲ ಡಿವಿಡಿಯಾಗಿ ಬಂತು. ಮುಂದಿನ ವರ್ಷ ‘ದಿ ರೋಬೋಟ್ಸ್ ಆಫ್ ಡೆತ್’ನಿಂದ ಸಾಲು ಶುರು. ಪೂರ್ತಿ ಉಳಿದಿದ್ದ ಕಥೆಗಳಲ್ಲಿ ಕೊನೆಯದಾಗಿ ‘ಟೆರರ್ ಆಫ್ ದಿ ಜೈಗಾನ್ಸ್’ ಬಂದಾಗ 2013ರ ಸೆಪ್ಟೆಂಬರ್. ಕಾಲೇಜಿನಲ್ಲಿ ಕೊಳ್ಳಲು ಶುರು ಮಾಡಿದವರು ಮಕ್ಕಳನ್ನು ಸ್ಕೂಲಿಗೆ ಸೇರಿಸಿದ ಮೇಲೆ ಮುಗಿಸಿದರು.

ಸೆಕೆಂಡ್ ಹ್ಯಾಂಡ್ ಕೊಳ್ಳುವವರು ಒಂದು ಗಮನಿಸಿ. ಮೊದಮೊದಲ ಡಿವಿಡಿಗಳಲ್ಲಿ ರಿಪೇರಿ ಕೈಚಳಕ ಅಷ್ಟು ಪಳಗಿರಲಿಲ್ಲ. 2010ರಿಂದ ‘ರಿವಿಸಿಟೇಶನ್ಸ್’ ಹೆಸರಿನ ಸೆಟ್‌ಗಳಲ್ಲಿ ಅಂಥ ಹಲವನ್ನು ಮತ್ತೆ ಮಾಡಿ ಕೊಟ್ಟರು. ‘ರೋಬೋಟ್ಸ್ ಆಫ್ ಡೆತ್’, ‘ಟೂಂಬ್’ ಎರಡಕ್ಕೂ ಎರಡನೇ ಜನ್ಮ ಇದೆ. ‘ಸ್ಪೆಷಲ್ ಎಡಿಷನ್’ ಅಂತ ಇರುವುದನ್ನೇ ಹುಡುಕಿ.

## ಕಳೆದುಹೋದವು, ಸಿಕ್ಕವು

ಬಿಬಿಸಿಯಂಥಾ ಬಿಬಿಸಿ ತನ್ನ ಸೀರಿಯಲ್ಲನ್ನೇ ಕಳ್ಕೊಳ್ತಾ?

ಕಳೆದುಕೊಂಡದ್ದಲ್ಲ. ತಾವೇ ಅಳಿಸಿದ್ದು, ತಾವೇ ಸುಟ್ಟದ್ದು. 1960ರ ದಶಕದಲ್ಲಿ ಎರಡು ಇಂಚಿನ ವಿಡಿಯೊ ಟೇಪ್ ತುಂಬ ದುಬಾರಿ. ಒಂದು ಕಾರ್ಯಕ್ರಮ ಅಳಿಸಿ ಅದರ ಮೇಲೇ ಇನ್ನೊಂದನ್ನು ತುಂಬುತ್ತಿದ್ದರು. ಹೊರದೇಶಕ್ಕೆ ಮಾರಲು 16 ಎಂಎಂ ಫಿಲ್ಮ್ ಪ್ರತಿ ಮಾಡುತ್ತಿದ್ದರು. ಮಾರುವ ಹಕ್ಕಿನ ಅವಧಿ ಮುಗಿದ ಮೇಲೆ ಅವೂ ಕಸ. ನಟರ ಸಂಘದ ಒಪ್ಪಂದದಿಂದ ಮರುಪ್ರಸಾರಕ್ಕೂ ಮಿತಿ ಇತ್ತು. ಬಣ್ಣದ ಟಿವಿ ಬಂದ ಮೇಲಂತೂ ಕಪ್ಪು-ಬಿಳುಪನ್ನು ಯಾರು ನೋಡುತ್ತಾರೆ ಅಂದುಕೊಂಡರು. ಮನೆಗೆ ಕ್ಯಾಸೆಟ್ ತಂದು ನೋಡುವ ಕಾಲ ಬರುತ್ತದೆ ಅಂತ ಯಾರಿಗೆ ಗೊತ್ತಿತ್ತು? ಒಂದು ವಿಭಾಗದವರು ‘ಇನ್ನೊಂದು ವಿಭಾಗದಲ್ಲಿ ಇರುತ್ತೆ ಬಿಡು’ ಅಂದುಕೊಂಡದ್ದೂ ಉಂಟು. ಸರ್ಕಾರಿ ಕಚೇರಿಯ ಫೈಲ್ ಹುಡುಕಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

1978ರಲ್ಲಿ ಈ ನಾಶ ನಿಂತಿತು. ಮೊದಲ ಆರು ಸೀಸನ್‌ಗಳ 253 ಎಪಿಸೋಡ್‌ಗಳಲ್ಲಿ ಎಷ್ಟೋ ಆ ಹೊತ್ತಿಗೆ ಇಲ್ಲವಾಗಿದ್ದವು.

ಮತ್ತೆ ಹೇಗೆ ಸಿಕ್ತು? ಆಫ್ರಿಕಾದಲ್ಲಿ ಸಿಕ್ತಂತೆ?

ಹೌದು. ಫಿಲ್ಮ್ ಪ್ರತಿಗಳು ಒಂದು ದೇಶದ ಟಿವಿಯಿಂದ ಇನ್ನೊಂದಕ್ಕೆ ಸುತ್ತುತ್ತಿದ್ದವು. ಕೊನೆಗೆ ವಾಪಸ್ ಕಳಿಸಬೇಕು, ಇಲ್ಲವೇ ನಾಶ ಮಾಡಬೇಕು ಅಂತ ನಿಯಮ. ಅದೃಷ್ಟಕ್ಕೆ ಕೆಲವು ಕಡೆ ಎರಡೂ ಮಾಡಲಿಲ್ಲ, ಮೂಲೆಯಲ್ಲಿ ಇಟ್ಟು ಮರೆತರು. ‘ಟೂಂಬ್ ಆಫ್ ದಿ ಸೈಬರ್‌ಮೆನ್’ ನಾಲ್ಕೂ ಎಪಿಸೋಡ್ ಹಾಂಗ್‌ಕಾಂಗ್‌ನಲ್ಲಿ ಸಿಕ್ಕು 1992ರಲ್ಲಿ ಕ್ಯಾಸೆಟ್ ಆಗಿ ಬಂತು. ಲಾಂಗ್‌ಲೀಟ್‌ನಲ್ಲಿ ಕೇಳಿದವರಿಗೆ ಒಂಬತ್ತು ವರ್ಷಕ್ಕೆ ಹೋಳಿಗೆ ಸಿಕ್ಕಿತು. 1999ರಲ್ಲಿ ‘ದಿ ಕ್ರುಸೇಡ್’ ಕಥೆಯ ಒಂದು ಎಪಿಸೋಡ್ ನ್ಯೂಜಿಲೆಂಡ್‌ನಲ್ಲಿ ಸಿಕ್ಕಿತು.

ಎಲ್ಲಕ್ಕಿಂತ ದೊಡ್ಡ ಸುದ್ದಿ 2013ರ ಅಕ್ಟೋಬರ್‌ನದು. ನೈಜೀರಿಯಾದ ಜೋಸ್ ಊರಿನಲ್ಲಿ ಕಳೆದುಹೋದ ಹಳೇ ಟಿವಿ ಕಾರ್ಯಕ್ರಮಗಳನ್ನು ಅರಸುವ ಫಿಲಿಪ್ ಮಾರಿಸ್ ಹುಡುಕಿದ ಡಬ್ಬಿಗಳಿಂದ ಒಂಬತ್ತು ಎಪಿಸೋಡ್ ಹೊರಬಂದವು. ‘ದಿ ಎನಿಮಿ ಆಫ್ ದಿ ವರ್ಲ್ಡ್’ ಪೂರ್ತಿಯಾಯಿತು. ‘ದಿ ವೆಬ್ ಆಫ್ ಫಿಯರ್’ನಲ್ಲಿ 3ನೇ ಎಪಿಸೋಡ್ ಮಾತ್ರ ಬರಲಿಲ್ಲ. ಅದರೊಂದಿಗೆ ಕಾಣೆಯಾದವುಗಳ ಲೆಕ್ಕ 97ಕ್ಕೆ ಇಳಿಯಿತು. ಆ ವಾರ ನಾನು ಆಫೀಸಿನಲ್ಲಿ ಏನು ಕೆಲಸ ಮಾಡಿದೆ ಅಂತ ಕೇಳಬೇಡಿ.

ಡಿಸ್ಕ್ ನಡುವೆ ಇದ್ದಕ್ಕಿದ್ದಂತೆ ಕಾರ್ಟೂನ್ ಬರುತ್ತಲ್ಲ, ಡಿಸ್ಕ್ ತಪ್ಪಾ?

ಡಿಸ್ಕ್ ಸರಿಯಾಗೇ ಇದೆ. ಚಿತ್ರ ಹೋದರೂ ಎಲ್ಲ ಎಪಿಸೋಡ್‌ಗಳ ಧ್ವನಿ ಉಳಿದಿದೆ. ಆಗ ಹುಡುಗರಾಗಿದ್ದ ಅಭಿಮಾನಿಗಳು ಮನೆಯಲ್ಲಿ ಟಿವಿ ಮುಂದೆ ಟೇಪ್ ರೆಕಾರ್ಡರ್ ಇಟ್ಟು ಹಿಡಿದುಕೊಂಡದ್ದು ಅದು. ಜಾನ್ ಕ್ಯೂರಾ ಎಂಬ ಛಾಯಾಗ್ರಾಹಕರು ಪ್ರಸಾರದ ವೇಳೆ ಟಿವಿ ಪರದೆಯದೇ ಫೋಟೊ ತೆಗೆದು ನಟರಿಗೆ, ನಿರ್ದೇಶಕರಿಗೆ ಮಾರುತ್ತಿದ್ದರು. ಆ ಧ್ವನಿ, ಆ ಫೋಟೊ ಎರಡನ್ನೂ ಇಟ್ಟುಕೊಂಡು ಅನಿಮೇಶನ್ ಮಾಡಿದ್ದಾರೆ.

2006ರ ‘ದಿ ಇನ್ವೇಶನ್’ ಡಿವಿಡಿಯಲ್ಲಿ ಎರಡು ಎಪಿಸೋಡಿಗೆ ಮೊದಲ ಸಲ ಹೀಗೆ ಮಾಡಿದರು. 2016ರಲ್ಲಿ ‘ದಿ ಪವರ್ ಆಫ್ ದಿ ಡಾಲೆಕ್ಸ್’ ಆರೂ ಎಪಿಸೋಡ್ ಅನಿಮೇಶನ್ ಆಗಿ ಬಂತು. ಗುಣಮಟ್ಟ ಒಂದೇ ಥರ ಇಲ್ಲ. ‘ಇನ್ವೇಶನ್’ ಕಪ್ಪು-ಬಿಳುಪಿನ ನೆರಳಾಟ ನನಗೆ ಈಗಲೂ ಇಷ್ಟ. ಆಮೇಲೆ ಬಂದ ಕೆಲವದರಲ್ಲಿ ಪಾತ್ರಗಳು ತೊಗಲುಗೊಂಬೆಯ ಹಾಗೆ ಪಕ್ಕಕ್ಕೆ ಜಾರುತ್ತವೆ. ತೊಗಲುಗೊಂಬೆಗಾದರೂ ಜೀವ ಇರುತ್ತದೆ.

ಅನಿಮೇಶನ್ ಬೇಡ, ಉಳಿದದ್ದನ್ನಷ್ಟೇ ನೋಡುತ್ತೇನೆ ಅನ್ನುವವರಿಗೆ 2004ರ ‘ಲಾಸ್ಟ್ ಇನ್ ಟೈಮ್’ ಸೆಟ್ ಇದೆ. ಒಂಟಿಯಾಗಿ ಉಳಿದ 18 ಎಪಿಸೋಡ್‌ಗಳು ಅದರಲ್ಲಿವೆ.

ಮೊದಲ ನಿರ್ದೇಶಕರು ನಮ್ಮ ದೇಶದವರಂತೆ, ಹೌದಾ?

ಹೌದು. ವಾರಿಸ್ ಹುಸೇನ್, 1938ರಲ್ಲಿ ಲಖನೌದಲ್ಲಿ ಹುಟ್ಟಿದವರು. ಮೊಟ್ಟಮೊದಲ ಕಥೆಯನ್ನು ನಿರ್ದೇಶಿಸಿದಾಗ ಇಪ್ಪತ್ತೈದರ ಆಸುಪಾಸು. ಮೊದಲ ಎಪಿಸೋಡನ್ನು ಎರಡು ಸಲ ಚಿತ್ರೀಕರಿಸಬೇಕಾಯಿತು. ಮೊದಲ ಪ್ರಯತ್ನವೂ ‘ದಿ ಬಿಗಿನಿಂಗ್’ ಸೆಟ್‌ನಲ್ಲಿದೆ. ಟಾರ್ಡಿಸ್ ಬಾಗಿಲು ಸರಿಯಾಗಿ ಮುಚ್ಚದೆ ಧಡಧಡ ಹೊಡೆದುಕೊಳ್ಳುವುದು ಚೆನ್ನಾಗಿ ಕೇಳುತ್ತದೆ.

ಬೇಸರದ ಸಂಗತಿ ಇನ್ನೊಂದು. 1964ರಲ್ಲಿ ಬಹುಪಾಲು ಅವರೇ ನಿರ್ದೇಶಿಸಿದ ‘ಮಾರ್ಕೊ ಪೋಲೊ’ ಏಳು ಎಪಿಸೋಡಿನ ಕಥೆ. ಧ್ವನಿ ಇದೆ, ಫೋಟೊ ಇದೆ, ಚಿತ್ರ ಇಲ್ಲ. ಅದೇ ಸೆಟ್‌ನಲ್ಲಿ ಫೋಟೊಗಳನ್ನು ಜೋಡಿಸಿ ಅರ್ಧ ಗಂಟೆಗೆ ಇಳಿಸಿದ ರೂಪ ಇದೆ. ನೋಡಿ. ಎಲ್ಲಾದರೂ ಒಂದು ಡಬ್ಬಿ ಸಿಗಲಿ ಅಂತ ದೇವರಲ್ಲಿ ಕೇಳಿಕೊಳ್ಳುವಷ್ಟು ಚೆನ್ನಾಗಿದೆ.

## ಚಿತ್ರದ ಒಳಗುಟ್ಟು

ಮನೆಯೊಳಗೆ ಒಂದು ಥರ, ಹೊರಗೆ ಹೋದ ಕೂಡಲೇ ಇನ್ನೊಂದು ಥರ ಕಾಣುತ್ತಲ್ಲ?

ಒಳಗಿನ ದೃಶ್ಯ ಸ್ಟುಡಿಯೊದ ವಿಡಿಯೊ ಕ್ಯಾಮೆರಾದ್ದು. ಹೊರಗಿನದು 16 ಎಂಎಂ ಫಿಲ್ಮಿನದು. ವಿಡಿಯೊ ಸೆಕೆಂಡಿಗೆ 50 ತುಣುಕು ಚಿತ್ರ ಹಿಡಿಯುತ್ತದೆ, ಚಲನೆ ನಯ. ಫಿಲ್ಮ್ 25 ಹಿಡಿಯುತ್ತದೆ, ಸಿನಿಮಾದ ಕಳೆ. ಬ್ರಿಟನ್ನಿನ ಆ ಕಾಲದ ಹೆಚ್ಚಿನ ಸೀರಿಯಲ್‌ಗಳು ಹೀಗೇ. ‘ರೋಬೋಟ್’, ‘ದಿ ಸೊಂಟಾರನ್ ಎಕ್ಸ್‌ಪೆರಿಮೆಂಟ್’ ಥರದ ಕೆಲವದರಲ್ಲಿ ಹೊರಾಂಗಣವೂ ವಿಡಿಯೊನೇ. ನಿಮ್ಮ ಟಿವಿ ಕೆಟ್ಟಿಲ್ಲ.

ವಿಡ್‌ಫೈರ್ ಅಂತ ಬರೆದಿದ್ದಾರೆ. ಅದೇನು?

1960ರ ದಶಕದ ಎಪಿಸೋಡ್‌ಗಳು ಉಳಿದದ್ದು ಫಿಲ್ಮ್ ಪ್ರತಿಯಲ್ಲಿ ಅಂದೆನಲ್ಲ. ಆ ಪ್ರತಿ ಮಾಡಲು ಟಿವಿ ಪರದೆಯ ಮುಂದೆ ಫಿಲ್ಮ್ ಕ್ಯಾಮೆರಾ ಇಟ್ಟು ಚಿತ್ರೀಕರಿಸುತ್ತಿದ್ದರು. ಹಾಗಾಗಿ 50 ಇದ್ದದ್ದು 25 ಆಯಿತು. ವಿಡಿಯೊದ ನಯ ಹೋಯಿತು. ವಿಡ್‌ಫೈರ್ ಕಂಪ್ಯೂಟರಿನಲ್ಲಿ ಎರಡು ಚಿತ್ರಗಳ ನಡುವಿನದನ್ನು ಲೆಕ್ಕ ಹಾಕಿ ಹುಟ್ಟಿಸಿ ಮತ್ತೆ 50 ಮಾಡುತ್ತದೆ. ‘ರೆಸ್ಟೊರೇಶನ್ ಟೀಮ್’ ಎಂಬ ಗುಂಪಿನಲ್ಲಿ ಪೀಟರ್ ಫಿಂಕಲ್‌ಸ್ಟೋನ್ ಅವರ ಕೆಲಸ ಇದು. ಈ ಗುಂಪಿನವರು ಬಹುಪಾಲು ಈ ಸೀರಿಯಲ್ಲಿನ ಅಭಿಮಾನಿಗಳೇ.

ಮೊದಲ ಸಲ ನೋಡಿದಾಗ ನನಗೆ ಮುಜುಗರವಾಯಿತು. 1964ರ ಕಥೆ ನಿನ್ನೆ ಮೊನ್ನೆ ಸ್ಟುಡಿಯೊದಲ್ಲಿ ಆಡಿದ ನಾಟಕದಂತೆ ಕಾಣಿಸಿತು. ಹತ್ತು ನಿಮಿಷ ಕಳೆದ ಮೇಲೆ ಗೊತ್ತಾಯಿತು, ಅಂದು ಮನೆಯಲ್ಲಿ ಕೂತು ನೋಡಿದವರಿಗೆ ಅದು ಹಾಗೇ ಕಂಡಿತ್ತು ಅಂತ.

ಕಪ್ಪು-ಬಿಳುಪಾಗಿ ಉಳಿದ ಕಥೆಗೆ ಬಣ್ಣ ಹೇಗೆ ವಾಪಸ್ ತಂದರು? ಪೇಂಟ್ ಮಾಡಿದ್ರಾ?

ಮೂರು ದಾರಿ ಹಿಡಿದರು. ಜಾನ್ ಪರ್ಟ್ವಿ ಡಾಕ್ಟರ್ ಆಗಿದ್ದ ಕಾಲದ, ಅಂದರೆ 1970ರ ದಶಕದ ಶುರುವಿನ ಕೆಲವು ಕಥೆಗಳ ಬಣ್ಣದ ಟೇಪ್ ಅಳಿಸಿಹೋಗಿತ್ತು. ಉಳಿದದ್ದು ಕಪ್ಪು-ಬಿಳುಪಿನ ಫಿಲ್ಮ್.

ಮೊದಲ ದಾರಿ: ಅಮೆರಿಕದಲ್ಲಿ ಯಾರೋ ಪುಣ್ಯಾತ್ಮರು ಟಿವಿಯಿಂದ ಮನೆಯಲ್ಲೇ ರೆಕಾರ್ಡ್ ಮಾಡಿಕೊಂಡ ಬಣ್ಣದ ಟೇಪ್. ಚಿತ್ರ ಮಂಜು ಮಂಜು, ಆದರೆ ಬಣ್ಣ ಇದೆ. ಫಿಲ್ಮಿನಿಂದ ಸ್ಪಷ್ಟತೆ, ಟೇಪಿನಿಂದ ಬಣ್ಣ ತೆಗೆದು ಸೇರಿಸಿದರು. ‘ದಿ ಡೀಮನ್ಸ್’ ಕಥೆ 1992ರಲ್ಲಿ ಹೀಗೆ ಬಣ್ಣಕ್ಕೆ ಮರಳಿತು.

ಎರಡನೆಯದು ನನಗೆ ಜಾದೂ ಅನ್ನಿಸುತ್ತದೆ. ಬಣ್ಣದ ವಿಡಿಯೊವನ್ನು ಕಪ್ಪು-ಬಿಳುಪಿನ ಪರದೆಯಲ್ಲಿ ತೋರಿಸಿ ಫಿಲ್ಮ್ ಮಾಡುವಾಗ ಬಣ್ಣದ ಸಿಗ್ನಲ್ ಸಣ್ಣ ಚುಕ್ಕಿಗಳಾಗಿ ಚಿತ್ರದ ಮೇಲೆ ಬೀಳುತ್ತಿತ್ತು. ಅದು ಗಲೀಜು ಅಂತ ಫಿಲ್ಟರ್ ಹಾಕಬೇಕಿತ್ತು, ಎಷ್ಟೋ ಸಲ ಹಾಕಿರಲಿಲ್ಲ. ಆ ಉದಾಸೀನವೇ ವರವಾಯಿತು. ಫಿಲ್ಮನ್ನು ತುಂಬ ಸೂಕ್ಷ್ಮವಾಗಿ ಸ್ಕ್ಯಾನ್ ಮಾಡಿ, ಚುಕ್ಕಿಗಳನ್ನು ಓದಿ, ಬಣ್ಣವನ್ನು ಅದರಿಂದಲೇ ಹೊರತೆಗೆದರು. ರಂಗೋಲಿ ಅಳಿಸಿ ಚುಕ್ಕಿ ಮಾತ್ರ ಉಳಿದಿದ್ದರೂ ನಮ್ಮಜ್ಜಿ ಅದು ಯಾವ ರಂಗೋಲಿ ಅಂತ ಹೇಳುತ್ತಿದ್ದರು. ಹಾಗೆಯೇ ಇದು.

ಮೂರನೆಯದು ನೀವು ಕೇಳಿದ ಪೇಂಟ್. 2013ರ ‘ದಿ ಮೈಂಡ್ ಆಫ್ ಈವಿಲ್’ ಡಿವಿಡಿಯಲ್ಲಿ ಐದು ಎಪಿಸೋಡಿಗೆ ಚುಕ್ಕಿಗಳಿಂದ ಬಣ್ಣ ಬಂತು. ಮೊದಲ ಎಪಿಸೋಡಿನ ಫಿಲ್ಮಿನಲ್ಲಿ ಉಪಯೋಗಕ್ಕೆ ಬರುವ ಚುಕ್ಕಿ ಇರಲಿಲ್ಲ. ಅದಕ್ಕೆ ಕೈಯಿಂದಲೇ ಬಣ್ಣ ತುಂಬಿದರು.

ಬ್ಲೂರೇ ಅಂತಾರೆ, ಆದ್ರೆ ಹಳೇ ಸೀರಿಯಲ್ ಅದು. ನಿಜಕ್ಕೂ ಎಚ್‌ಡಿನಾ?

ಒಂದೇ ಒಂದು ಕ್ಲಾಸಿಕ್ ಕಥೆ ಪೂರ್ತಿ ಎಚ್‌ಡಿ: 1970ರ ‘ಸ್ಪಿಯರ್‌ಹೆಡ್ ಫ್ರಮ್ ಸ್ಪೇಸ್’. ಸ್ಟುಡಿಯೊದಲ್ಲಿ ಮುಷ್ಕರ ಇದ್ದದ್ದರಿಂದ ಇಡೀ ಕಥೆಯನ್ನು ಬಣ್ಣದ ಫಿಲ್ಮಿನಲ್ಲಿ ತೆಗೆಯಬೇಕಾಯಿತು. ಫಿಲ್ಮನ್ನು ಹೊಸದಾಗಿ ಸ್ಕ್ಯಾನ್ ಮಾಡಿದರೆ ಎಚ್‌ಡಿ ಬರುತ್ತದೆ. 2013ರಲ್ಲಿ ಬ್ಲೂರೇ ಬಂತು. ಶಾಡಾವನ್ನು ಕೊಂದದ್ದೂ ಮುಷ್ಕರ, ಇದನ್ನು ಕಾಪಾಡಿದ್ದೂ ಮುಷ್ಕರ.

ಉಳಿದವು ವಿಡಿಯೊ. ಟೇಪಿನಲ್ಲಿ ಇಲ್ಲದ ವಿವರವನ್ನು ಎಲ್ಲಿಂದ ತರುವುದು? 2018ರಲ್ಲಿ 12ನೇ ಸೀಸನ್‌ನಿಂದ ಶುರುವಾದ ‘ದಿ ಕಲೆಕ್ಷನ್’ ಸೆಟ್‌ಗಳಲ್ಲಿ ವಿಡಿಯೊ ಭಾಗವನ್ನು ಹಿಗ್ಗಿಸಿ ಕೊಟ್ಟಿದ್ದಾರೆ. ಆದರೂ ಡಿವಿಡಿಗಿಂತ ಮೇಲು. ಡಿವಿಡಿಯಲ್ಲಿ ಚಿತ್ರವನ್ನು ಹಿಂಡಿ ತುಂಬಿದ ಗುರುತು ಕಾಣುತ್ತದೆ, ಇಲ್ಲಿ ಅದು ಕಡಿಮೆ. ಹೊರಾಂಗಣದ ಮೂಲ ಫಿಲ್ಮ್ ಉಳಿದಿರುವ ಕೆಲವು ಕಥೆಗಳಲ್ಲಿ ಆ ಭಾಗ ಫಳ್ಳಂತ ಹೊಳೆಯುತ್ತದೆ.

2005ರ ಹೊಸ ಸರಣಿಗೂ ಇದೇ ಪ್ರಶ್ನೆ ಬರುತ್ತದೆ. ಅದು ಕೂಡ ಮೊದಲ ನಾಲ್ಕು ಸೀಸನ್ ಎಚ್‌ಡಿಯಲ್ಲಿ ತೆಗೆದದ್ದಲ್ಲ. 2009ರ ‘ಪ್ಲಾನೆಟ್ ಆಫ್ ದಿ ಡೆಡ್’ನಿಂದ ಎಚ್‌ಡಿ. ಅದಕ್ಕೆ ಮುಂಚಿನವಕ್ಕೆ ಬ್ಲೂರೇಗೆ ಜಾಸ್ತಿ ದುಡ್ಡು ಸುರಿಯಬೇಡಿ.

ಒಂದೇ ಕಥೆ, ಅಮೆರಿಕದ ಡಿಸ್ಕ್‌ನಲ್ಲಿ ಒಂದು ದೃಶ್ಯ ಕಮ್ಮಿ ಇದೆಯಲ್ಲ?

‘ದಿ ಚೇಸ್’ ಅಲ್ವಾ? 1965ರ ಆ ಕಥೆಯಲ್ಲಿ ಡಾಕ್ಟರ್ ಕಾಲವನ್ನು ತೋರಿಸುವ ಟಿವಿಯೊಂದರಲ್ಲಿ ಬೀಟಲ್ಸ್ ಹಾಡುವುದನ್ನು ನೋಡುತ್ತಾನೆ. ಬ್ರಿಟನ್ನಿನ ಡಿವಿಡಿಯಲ್ಲಿ ಅದಿದೆ. ಅಮೆರಿಕದ ಡಿವಿಡಿಗೆ ಹಾಡಿನ ಹಕ್ಕು ಸಿಗಲಿಲ್ಲ, ಕತ್ತರಿ ಬಿತ್ತು. ಆ ಕಥೆಗಾಗಿ ಡಿವಿಡಿ ಹುಡುಕುವವರು ರೀಜನ್ 2 ನೋಡಿ.

ನನ್ನ ಹತ್ತಿರ ಎಲ್ಲ ಡಿವಿಡಿ ಇದೆ. ಕಲೆಕ್ಷನ್ ಸೆಟ್ ಮತ್ತೆ ಕೊಳ್ಳಲೇಬೇಕಾ?

ಎಲ್ಲವನ್ನೂ ಬೇಡ. ನಿಮಗೆ ತೀರಾ ಇಷ್ಟವಾದ ಎರಡು ಮೂರು ಸೀಸನ್ ತೊಗೊಳ್ಳಿ. ಹೊಸ ಎಕ್ಸ್‌ಟ್ರಾಗಳಲ್ಲಿ ‘ಬಿಹೈಂಡ್ ದಿ ಸೋಫಾ’ ಅಂತ ಒಂದಿದೆ. ಹಳೇ ನಟರು ಸೋಫಾ ಮೇಲೆ ಕೂತು ತಮ್ಮದೇ ಎಪಿಸೋಡ್ ನೋಡಿ ನಗುತ್ತಾರೆ. ಬೇಜಾರಾದ ಸಂಜೆಗೆ ಅದು ಸಾಕು.

ಮೊದಲು ಬರುವುದು ಲಿಮಿಟೆಡ್ ಎಡಿಷನ್, ಚೆಂದದ ರಟ್ಟಿನ ಪೆಟ್ಟಿಗೆ. ಮುಗಿದರೆ ಸೆಕೆಂಡ್ ಹ್ಯಾಂಡ್‌ನಲ್ಲಿ ಬೆಲೆ ಏರುತ್ತದೆ. ಗಾಬರಿ ಬೀಳಬೇಡಿ. ಅದೇ ಡಿಸ್ಕ್‌ಗಳು ಸಾದಾ ಪ್ಲಾಸ್ಟಿಕ್ ಡಬ್ಬಿಯಲ್ಲಿ ಆಮೇಲೆ ಬರುವುದುಂಟು. ನಾನು ಆತುರಕ್ಕೆ ಬಿದ್ದು ಹೊರದೇಶದಿಂದ ತರಿಸಿದ ಒಂದು ರಟ್ಟಿನ ಪೆಟ್ಟಿಗೆ ಅಪ್ಪಳಿಸಿದ ಹಪ್ಪಳದಂತೆ ಮನೆ ತಲುಪಿತು. ಕಸ್ಟಮ್ಸ್ ಸುಂಕವನ್ನಂತೂ ಪೂರ್ತಿ ಕಟ್ಟಿದ್ದೆ. ಒಳಗಿನ ಡಿಸ್ಕ್‌ಗಳಿಗೆ ಏನೂ ಆಗಿರಲಿಲ್ಲ. ಆ ಸೆಟ್ ಈಗಲೂ ಕಪಾಟಿನ ಕೆಳಗಿನ ಸಾಲಿನಲ್ಲಿದೆ, ಮೂಲೆ ಜಜ್ಜಿದ ಕಡೆ ಗೋಡೆಗೆ ತಿರುಗಿಸಿ ಇಟ್ಟಿದ್ದೇನೆ.